ಟರ್ಕಿ ಸುಡುವ ಟ್ರೇ ನಾನು

ನಾನು ಅಲ್ಯೂಮಿನಿಯಂ ಟ್ರೇ. ಮೂಗು ಮುರಿಯಬೇಡಿ, ಒಳ್ಳೆಯ ದಪ್ಪ ಅಲ್ಯೂಮಿನಿಯಂ. ಮಂಗಳೂರಿನ ಬಂದರಿನಲ್ಲಿ ಪಾತ್ರೆ ಮಾಡುವ ಇಬ್ರಾಯಿಚ್ಚ ನನ್ನನ್ನು ಬಡಿದು ಬಡಿದು ಆಳ ಮಾಡಿ, ಎರಡು ಕಡೆ ಹಿಡಿ ಕೂರಿಸಿದರು. ಹುಟ್ಟುವಾಗಲೇ ಅಷ್ಟು ಪೆಟ್ಟು ತಿಂದ ಮೇಲೆ ಬೆಂಕಿಯ ಹೆದರಿಕೆ ಎಲ್ಲಿಯದು?

"ಇಷ್ಟು ದೊಡ್ಡದು ಎಂತಕ್ಕೆ ಬಾಯಿ? ಮಗುವಿಗೆ ಸ್ನಾನ ಮಾಡಿಸ್ಲಿಕ್ಕಾ?" ಎಂದು ಇಬ್ರಾಯಿಚ್ಚ ಕೇಳಿದರು.

"ಅಲ್ಲ ಸಾಹೇಬರೇ, ಟರ್ಕಿ ಕೋಳಿ ಮಲಗಿಸ್ಲಿಕ್ಕೆ," ಎಂದು ನನ್ನನ್ನು ಮಾಡಿಸಿದ ಕಾರ್ಮಿನ್ ಬಾಯಿ ನಕ್ಕರು.

ವರ್ಷವೆಲ್ಲ ಅಟ್ಟದ ಮೇಲೆ ಜಿರಲೆಗಳ ಸಹವಾಸ. ಕ್ರಿಸ್ಮಸ್ ಬಂದಾಗ ಮಾತ್ರ ನನಗೆ ಮರ್ಯಾದೆ. ಕಾಳುಮೆಣಸು, ಬೆಳ್ಳುಳ್ಳಿ, ಬೆಣ್ಣೆ ಸವರಿದ ಟರ್ಕಿಯನ್ನು ಈರುಳ್ಳಿಯ ಹಾಸಿನ ಮೇಲೆ ಮಲಗಿಸಿ ನನ್ನನ್ನು ಬೇಕರಿಗೆ ಕಳಿಸುತ್ತಿದ್ದರು. ಬ್ರೆಡ್ ತೆಗೆದ ಸೌದೆ ಒಲೆಯಲ್ಲಿ ಕೇರಿಯ ಎಲ್ಲರ ಟ್ರೇಗಳೂ ಸಾಲಾಗಿ ಬೇಯುತ್ತಿದ್ದವು. ಮನೆಗೆ ಬಂದರೆ ಹೊಗಳಿಕೆಯೆಲ್ಲ ಹಕ್ಕಿಗೆ! ನನ್ನ ಕಡೆ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನಿಜ ಹೇಳುತ್ತೇನೆ, ಟರ್ಕಿಯ ಎದೆಮಾಂಸ ಗಂಟಲಲ್ಲಿ ಇಳಿಯುವುದಿಲ್ಲ, ಅಷ್ಟು ಒಣಕಲು. ಅದನ್ನು ಇಳಿಸುವುದು ಗ್ರೇವಿ. ಹಕ್ಕಿಯಿಂದ ಸೋರಿದ ರಸ ನನ್ನ ತಳದಲ್ಲಿ ಕಂದಾಗಿ ಹಿಡಿದಿರುತ್ತದಲ್ಲ, ಅದಕ್ಕೆ ಮೈದಾ ಹಾಕಿ ಹುರಿದು, ನೀರು ಹೊಯ್ದು, ಕೆರೆದು ಕೆರೆದು ಮಾಡುವುದೇ ಗ್ರೇವಿ.

ಕಾರ್ಮಿನ್ ಬಾಯಿಯ ನಂತರ ನಾನು ಅವರ ಸೊಸೆ ಲೆತೀಸಿಯಾ ಬಾಯಿಯ ಕೈಗೆ ಬಂದೆ. ಲೆತೀಸಿಯಾರ ಮಗ ಆಲ್ಬನ್ ಉಳ್ಳಾಲದ ಮೀನುಗಾರರ ಮನೆಯ ವಾರಿಜಾಳನ್ನು ಇಷ್ಟಪಟ್ಟು ಮದುವೆಯಾದ. ಲೆತೀಸಿಯಾ ಒಪ್ಪಿದರು. ಒಪ್ಪದವರು ಆಲ್ಬನನ ಸೋದರತ್ತೆ, ರಿಟೈರ್ಡ್ ಟೀಚರ್ ಅಪೊಲಿನ್. "ಅವಳು ನಮ್ಮವಳಲ್ಲ," ಎಂದು ಮದುವೆಗೇ ಬರಲಿಲ್ಲ. ನೆಂಟರೆಲ್ಲ ಅವರ ಮುಖ ನೋಡಿಯೇ ನಡೆಯುವವರು. ಹಾಗಾಗಿ ಯಾರೂ ವಾರಿಜಾಳನ್ನು ಮನೆಗೆ ಕರೆಯಲಿಲ್ಲ. ಹುಡುಗಿ ನನ್ನ ಪಕ್ಕ ಕೂತು ಈರುಳ್ಳಿ ಹೆಚ್ಚುತ್ತಾ ಅತ್ತದ್ದುಂಟು. ಅದು ಈರುಳ್ಳಿಯ ಅಳುವಲ್ಲ.

ಮದುವೆಯ ನಂತರದ ಮೊದಲ ಕ್ರಿಸ್ಮಸ್ಸಿಗೆ, ಲೆತೀಸಿಯಾ ಕರೆದು ಕರೆದು, ಅಪೊಲಿನ್ ಊಟಕ್ಕೆ ಬರಲು ಒಪ್ಪಿದರು. ಲೆತೀಸಿಯಾ ಪೂಜೆಗೆಂದು ಇಗರ್ಜಿಗೆ ಹೋಗಿದ್ದಾಗ ನಾನು ಬೇಕರಿಯಿಂದ ಬಂದೆ. ವಾರಿಜಾ ಹಕ್ಕಿಯನ್ನು ಎತ್ತಿ ತಟ್ಟೆಯಲ್ಲಿಟ್ಟಳು, ನನ್ನನ್ನು ನೋಡಿ ಬೆಚ್ಚಿಬಿದ್ದಳು. ಅವಳ ತವರಿನಲ್ಲಿ ಪಾತ್ರೆಯ ತಳ ಹಿಡಿದರೆ ಹೆಂಗಸಿನ ಮಾನ ಹೋದಂತೆ. ತೆಂಗಿನ ನಾರು, ಬೂದಿ ಹಿಡಿದು ಉಜ್ಜಿದಳು ನೋಡಿ! ಅಯ್ಯೋ, ನನಗೆ ಬಾಯಿ ಇದ್ದಿದ್ದರೆ!

ಲೆತೀಸಿಯಾ ಬಂದರು. ನಾನು ಫಳಫಳ ಹೊಳೆಯುತ್ತಿದ್ದೆ.

"ಎಂತ ಮಾಡಿದ್ದು ನೀನು?"

"ತಳ ಹಿಡಿದಿತ್ತು ಮಾಮಿ. ಯಾರಾದ್ರೂ ನೋಡುವ ಮೊದ್ಲೇ ಉಜ್ಜಿಟ್ಟೆ."

"ಅದೇ ಗ್ರೇವಿ, ಮಾರಾಯ್ತಿ!" ಲೆತೀಸಿಯಾ ತಲೆಯ ಮೇಲೆ ಕೈಯಿಟ್ಟು ಸ್ಟೂಲಿನ ಮೇಲೆ ಕುಸಿದರು.

ವಾರಿಜಾಳ ಮುಖ ಬಿಳಿಚಿತು. "ಇನ್ನು ಅಪೊಲಿನ್ ಆಂಟಿ ನನ್ನನ್ನು ಯಾವತ್ತೂ ಸೇರಿಸುವುದಿಲ್ಲ," ಎಂದು ಬಿಕ್ಕಿದಳು.

ಲೆತೀಸಿಯಾ ಅವಳನ್ನೇ ನೋಡಿದರು. ಬೈಯಲಿಲ್ಲ. "ಅಳುವುದು ಆಮೇಲೆ. ಟರ್ಕಿಯ ಕುತ್ತಿಗೆ ಉಂಟಾ?"

"ಉಂಟು."

"ತಾ. ರೆಕ್ಕೆಯ ತುದಿಯೂ ಮುರಿ."

ನನ್ನನ್ನು ನೇರ ಒಲೆಗೇ ಏರಿಸಿದರು. ಬೆಣ್ಣೆ, ಈರುಳ್ಳಿ, ಕುತ್ತಿಗೆ, ರೆಕ್ಕೆ ಎಲ್ಲ ಬಿತ್ತು. ತಳ ಕಂದಾಗತೊಡಗಿದ್ದೇ ವಾರಿಜಾಳ ಕೈ ಸೌಟಿಗೆ ಹೋಯಿತು. ಲೆತೀಸಿಯಾ ಆ ಕೈ ಹಿಡಿದುಕೊಂಡರು. "ಬಿಡು ಮಗಾ. ಹಿಡೀಲಿ." ಅತ್ತೆ ಸೊಸೆ ಹಾಗೆಯೇ ಕೈ ಹಿಡಿದು ನಿಂತು, ನನ್ನ ತಳ ಹಿಡಿಯುವುದನ್ನು ಕಾದರು. ಮೈದಾ ಬಿತ್ತು, ನೀರು ಬಿತ್ತು. ನಾನು ಚುಂಯ್ ಎಂದೆ. ಆಮೇಲೆ ವಾರಿಜಾಳೇ ಕೆರೆದು ಕೆರೆದು ಗ್ರೇವಿ ಮಾಡಿದಳು.

ಊಟದ ಮೇಜಿನಲ್ಲಿ ಅಪೊಲಿನ್ ಒಂದು ತುಂಡು ಅದ್ದಿ ತಿಂದರು. "ಗ್ರೇವಿ ಯಾರು ಮಾಡಿದ್ದು, ಲೆತ್ತಿ?"

"ವಾರಿಜಾ."

ಅಪೊಲಿನ್ ಬಟ್ಟಲು ಮುಂದೆ ತಳ್ಳಿದರು. "ಇನ್ನೊಂದು ಸೌಟು ಹಾಕು." ವಾರಿಜಾ ಅವಸರದಲ್ಲಿ ಬಡಿಸುವಾಗ ನಾಲ್ಕು ಹನಿ ಬಿಳಿ ಮೇಜುಬಟ್ಟೆಯ ಮೇಲೆ ಚೆಲ್ಲಿತು. ಅಪೊಲಿನ್ ಗದರಲಿಲ್ಲ. ಬ್ರೆಡ್ಡಿನ ಚೂರಿನಿಂದ ಅದನ್ನು ಒರೆಸಿ ಬಾಯಿಗೆ ಹಾಕಿಕೊಂಡರು.

ಈಗ ಮನೆಗೆ ಗಾಜಿನ ಬಾಗಿಲಿನ ಓವನ್ ಬಂದಿದೆ. ನನ್ನ ತಳ ಸವೆದು ತೂತಾಗಿದೆ. ಅಡಿಗೆಮನೆಯ ಮೂಲೆಯಲ್ಲಿ ತೆಂಗಿನಕಾಯಿ ಹೊತ್ತು ಕೂತಿದ್ದೇನೆ. ಬೇಸರವಿಲ್ಲ. ಸವೆಯುವುದಿದ್ದರೆ ಹೀಗೆ ಸವೆಯಬೇಕು. ಲೆತೀಸಿಯಾ ತೀರಿಕೊಂಡರು. ಅಪೊಲಿನ್ ಒಂಟಿ, ಕಣ್ಣು ಮಂಜಾಗಿದೆ. ಯಾವ ನೆಂಟರೂ ಕರೆಯದಿದ್ದಾಗ ವಾರಿಜಾಳೇ ಹೋಗಿ ಈ ಮನೆಗೆ ಕರೆತಂದಳು.

ಈ ಕ್ರಿಸ್ಮಸ್ಸಿಗೆ ಆಲ್ಬನ್ ಗ್ರೇವಿಯ ಸೌಟು ಹಿಡಿದು, "ಆಂಟಿ, ನಾನು ಬಡಿಸ್ತೇನೆ," ಎಂದ.

ಅಪೊಲಿನ್ ಬಟ್ಟಲಿಗೆ ಕೈ ಅಡ್ಡ ಇಟ್ಟರು. "ನೀನು ಸುಮ್ನೆ ಕೂತ್ಕೋ. ನಮ್ಮ ವಾರಿಜಾ ಬರ್ಲಿ."