ಜುಮಾನ ತಾತನ ಎಡಗೈ

ಬಂಬಾರಾ ಭಾಷೆ ಕಲಿಯುವುದು ಕಷ್ಟವಲ್ಲ, ಅದನ್ನಾಡುವ ಜನರ ಬಾಯಿಗೆ ಸಿಕ್ಕಿ ಬದುಕುವುದು ಕಷ್ಟ. ನಮ್ಮೂರು ಕುಮಾಸಿಯಿಂದ ಗಡಿಯಾಚೆಯ ಸೆಗು ಪಟ್ಟಣಕ್ಕೆ ಬಟ್ಟೆ ಹೊಲಿಯಲು ಬಂದ ನನಗೆ ಮೊದಲು ಮಾತು ಕಲಿಸಿದವನು ಪಕ್ಕದಂಗಡಿಯ ದರ್ಜಿ. ಯಾರಾದರೂ ಯೋಗಕ್ಷೇಮ ಕೇಳಿದರೆ ‘ನ್‌ಬಾ’ ಎನ್ನಬೇಕು ಎಂದ. ಸಿಕ್ಕಸಿಕ್ಕವರಿಗೆಲ್ಲ ಗಟ್ಟಿಯಾಗಿ ‘ನ್‌ಬಾ’ ಎನ್ನುತ್ತ ಓಡಾಡಿದೆ. ಅದು ಗಂಡಸರ ಉತ್ತರ, ಹೆಂಗಸರು ‘ನ್‌ಸೆ’ ಎನ್ನಬೇಕು ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. “ಮೀಸೆ ಯಾವಾಗ ಬರುತ್ತಮ್ಮಾ?” ಎಂದು ಮೀನು ಮಾರುವವಳು ಕೇಳಿದ ಮೇಲೆಯೇ ನನಗೆ ತಿಳಿದದ್ದು.

ಮನೆಯೊಡತಿ ಕನಿಬಾ ಜಾರಾ ಒಳ್ಳೆಯವಳು. “ಅಫ್ರಿಯೆ ಅಂತ ಇಲ್ಲಿ ಯಾರ ನಾಲಿಗೆಗೂ ಹೊರಳಲ್ಲ ಕಣೆ. ಇವತ್ತಿಂದ ನೀನು ಸಿತಾನ್ ಜಾರಾ” ಎಂದು ತನ್ನ ಮನೆತನದ ಹೆಸರನ್ನೇ ನನಗೆ ಕೊಟ್ಟುಬಿಟ್ಟಳು. ನಾನು ಹಿಗ್ಗಿಹೋದೆ. ಆ ಹೆಸರಿನ ಜೊತೆಗೆ ಯಾರು ಗಂಟುಬೀಳುತ್ತಾರೆ ಎಂದು ಮಾತ್ರ ಹೇಳಲಿಲ್ಲ.

ಗಂಟುಬಿದ್ದವನು ಎದುರುಮನೆಯ ಜುಮಾನ ತ್ರಾವೊರೆ. ಹಣ್ಣು ಹಣ್ಣು ಮುದುಕ. ಇಡೀ ದಿನ ಬೇವಿನ ಮರದಡಿ ಚಹಾ ಕಾಯಿಸುತ್ತ ಕೂತಿರುತ್ತಿದ್ದ. ನನ್ನ ಹೊಸ ಹೆಸರು ಕಿವಿಗೆ ಬಿದ್ದ ದಿನವೇ ಶುರುಹಚ್ಚಿಕೊಂಡ.

“ಏನೇ, ಜಾರಾ ಅಂತೆ! ಅಲಸಂದೆ ತಿಂತೀಯೇನೆ?”

ನನಗೋ ಅಲಸಂದೆ ಎಂದರೆ ಪ್ರಾಣ. ನಮ್ಮೂರಲ್ಲಿ ಅದನ್ನು ಅಕ್ಕಿಯ ಜೊತೆ ಬೇಯಿಸಿ ಬೆಳಗ್ಗೆಯೇ ತಿನ್ನುತ್ತೇವೆ. ಈ ಮುದುಕನಿಗೆ ಹೇಗೆ ಗೊತ್ತಾಯಿತಪ್ಪಾ ಎಂದುಕೊಂಡು ವಿನಯದಿಂದ ಹೇಳಿದೆ, “ಹೂಂ ತಾತ, ದಿನಾ ತಿಂತೀನಿ. ನಿಮಗೂ ತಂದ್ಕೊಡ್ಲಾ?”

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ತಾತ ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡ. “ಒಪ್ಕೊಂಡ್ಬಿಟ್ಲು! ಅದಕ್ಕೇ ಆ ಮನೆ ಕಡೆಯಿಂದ ಮಳೆ ಇಲ್ದೆ ಗುಡುಗು!”

ಆಮೇಲೆ ದಿನಾ ಇದೇ ಹಾಡು. “ಅಲಸಂದೆ ಬಂತು, ಮೂಗು ಮುಚ್ಕೊಳ್ರಪ್ಪಾ.” “ಇವಳು ನಮ್ಮನೆ ಆಳು, ಸಂಬಳ ಮಾತ್ರ ಕೇಳಂಗಿಲ್ಲ.” ನಾನು ತಲೆತಗ್ಗಿಸಿ ನಮಸ್ಕಾರ ಹೇಳಿ ಹೋಗುತ್ತಿದ್ದೆ. ಹಿರಿಯರಿಗೆ ಎದುರಾಡಿದರೆ ನಮ್ಮಜ್ಜಿ ತೊಡೆ ಚಿವುಟುತ್ತಿದ್ದಳು. ವಿಚಿತ್ರವೆಂದರೆ, ನಾನು ನಮಸ್ಕಾರ ಹೇಳಿದಷ್ಟೂ ತಾತನ ಮುಖ ಇನ್ನಷ್ಟು ಸಪ್ಪಗಾಗುತ್ತಿತ್ತು.

“ಯಾಕಕ್ಕ ನನ್ನನ್ನೇ ಹೀಗಂತಾನೆ?” ಎಂದು ಕನಿಬಾಳನ್ನು ಕೇಳಿದೆ.

“ಅವನು ತ್ರಾವೊರೆ, ನೀನು ಜಾರಾ. ಇನ್ನೇನಂತಾನೆ?”

ನನಗದು ಹಳೆಯ ಹಗೆಯ ಮಾತಿನಂತೆ ಕೇಳಿಸಿತು. ಎರವಲು ಹೆಸರು, ಅದಕ್ಕೊಂದು ಹಗೆ ಬೇರೆ! ಭಾಷೆ ದಕ್ಕಿತು, ಜನ ದಕ್ಕಲಿಲ್ಲ ಎಂದು ಒಳಗೊಳಗೇ ಅತ್ತೆ. ಕೊನೆಗೆ ಗಂಟುಮೂಟೆ ಕಟ್ಟಿ, ಇನ್ನು ಈ ಊರಿನ ಸಹವಾಸವೇ ಬೇಡ ಎಂದು ಹೊರಟೇಬಿಟ್ಟೆ.

ಬಸ್ ಸ್ಟ್ಯಾಂಡಿಗೆ ಇಡೀ ಬೀದಿ ಬಂತು. ನನ್ನ ಪೆಟ್ಟಿಗೆಯೂ ಹೊಲಿಗೆ ಮಷೀನೂ ಬಸ್ಸಿನ ಮೇಲೇರಿದವು. ಕೋಲೂರಿಕೊಂಡು ಜುಮಾನ ತಾತನೂ ಬಂದ. ನೇರ ನನ್ನೆದುರು ನಿಂತು ಕೈ ಚಾಚಿದ. ಎಡಗೈ!

ನಮ್ಮಲ್ಲಿ ಭಿಕ್ಷುಕನಿಗೂ ಎಡಗೈಯಲ್ಲಿ ಕೊಡುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಿ, ಮರ್ಯಾದೆ ಎಲ್ಲ ಮರೆತೆ.

“ಏ ಮುದುಕ! ಅಲಸಂದೆ ತಿನ್ನೋನು ನೀನು, ನಿಮ್ಮಪ್ಪ, ನಿಮ್ಮಜ್ಜ! ನಿನ್ನ ಹೊಟ್ಟೆ ಗಾಳಿಗೆ ಹೆದರಿ ನದೀಲಿರೋ ದೋಣಿಗಳೆಲ್ಲ ಆಚೆ ದಡಕ್ಕೆ ಓಡ್ತವೆ!”

ಒಂದು ಪದವೂ ತಡವರಿಸಲಿಲ್ಲ. ಅಲ್ಲಿಯವರೆಗೆ ಪ್ರತಿ ಮಾತನ್ನೂ ನಮ್ಮ ಭಾಷೆಯಲ್ಲಿ ಯೋಚಿಸಿ ಆಮೇಲೆ ಬಂಬಾರಾಕ್ಕೆ ತಿರುಗಿಸುತ್ತಿದ್ದವಳು ನಾನು. ಇದು ನೇರ ಹೊಟ್ಟೆಯಿಂದಲೇ ಬಂದಿತ್ತು.

ತಾತ ಕೋಲು ಬಿಸಾಕಿ ಚಪ್ಪಾಳೆ ತಟ್ಟಿದ. “ಬಾಯಿ ಬಂತು ಕಣ್ರೋ! ಅಪ್ಪಟ ಜಾರಾ ಇವಳು!” ಎಂದವನ ದನಿ ಮರುಕ್ಷಣವೇ ಇಳಿಯಿತು. “ನಾನು ಬೈದಾಗೆಲ್ಲ ನಮಸ್ಕಾರ ಹೇಳ್ತಿದ್ಯಲ್ಲೇ. ನನ್ನ ನಂಟೇ ಬೇಡ ಅಂತೀಯೇನೋ ಅನ್ಕೊಂಡಿದ್ದೆ. ತ್ರಾವೊರೆ, ಜಾರಾ ಅಂದ್ರೆ ತಲೆತಲಾಂತರದಿಂದ ಒಬ್ರನ್ನೊಬ್ರು ಗೇಲಿ ಮಾಡೋ ನಂಟರು ಕಣೆ. ತ್ರಾವೊರೆ ಆದೋನು ಜಾರಾಗಳಿಗೆ ಬೈದೆ ಇನ್ಯಾರಿಗೆ ಬೈಬೇಕು?”

“ಹಾಗಾದ್ರೆ ಈ ಎಡಗೈ?” ಎಂದೆ. ನನ್ನ ದನಿಯಲ್ಲಿ ಇನ್ನೂ ಸಿಟ್ಟಿತ್ತು.

ಕನಿಬಾ ಮೂಗೊರೆಸಿಕೊಂಡಳು. “ಅದು ತಪ್ಪು ಅಂತ ಅವನಿಗೆ ಗೊತ್ತಿಲ್ವೇನೆ, ಪೆದ್ದಿ? ದೂರ ಹೋಗೋರಿಗೆ ಬೇಕಂತಲೇ ಎಡಗೈ ಕೊಡ್ತೀವಿ, ಅದೂ ತೀರಾ ಬೇಕಾದೋರಿಗೆ. ಆ ತಪ್ಪು ಸರಿಮಾಡೋಕಾದ್ರೂ ಅವರು ವಾಪಸ್ ಬರ್ಲೇಬೇಕಲ್ಲ.”

ನಾನು ತಟ್ಟನೆ ಬಲಗೈ ಚಾಚಿದೆ. ತಾತ ತನ್ನ ಬಲಗೈಯನ್ನು ಮಗುವಿನ ಹಾಗೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

“ಆಹಾ, ಈಗಲೇ ಲೆಕ್ಕ ಚುಕ್ತಾ ಮಾಡಿ ಹೋಗ್ತೀಯಾ? ಆಗಲ್ಲ. ಬಂದ್ಮೇಲೆ ಕೊಡ್ತೀನಿ. ಬೇಗ ಬಾ. ನಂಗೂ ವಯಸ್ಸಾಯ್ತು.”

ಡ್ರೈವರು ಹಾರ್ನ್ ಹೊಡೆಯತೊಡಗಿದ. ನಾನು ಆ ಎಡಗೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಬಸ್ಸಿನ ಮೇಲಿದ್ದವನಿಗೆ ಕೂಗಿ ಹೇಳಿದೆ:

“ಅಣ್ಣಾ, ಪೆಟ್ಟಿಗೆ ಅಲ್ಲೇ ಇರ್ಲಿ. ಹೊಲಿಗೆ ಮಷೀನು ಕೆಳಗಿಳಿಸು.”