ಎದುರಂಗಡಿಯ ಬಾಗಿಲು

ಬರ ಬಿದ್ದು ಭಾಲ್ಕಿಯ ಸುತ್ತಲಿನ ಹಳ್ಳಿಗಳ ಅರ್ಧ ಜನ ಪುಣೆಗೆ ಗುಳೆ ಹೋಗಿದ್ದರು. ಅಲ್ಲೊಂದು ಇಲ್ಲೊಂದು ನಡೆದ ಲಗ್ನಗಳ ವಿಡಿಯೊ ಕೆಲಸವೂ ಎದುರಿನ ದತ್ತಾತ್ರಿಯ ಸ್ಟುಡಿಯೊಕ್ಕೇ ಹೋಗುವುದನ್ನು ಕಂಡು, ಈಚೆ ಬದಿ ಸ್ಟುಡಿಯೊ ಇಟ್ಟುಕೊಂಡಿದ್ದ ಪಂಢರಿಗೆ ಹೊಟ್ಟೆ ಉರಿದುಹೋಯಿತು. ಎಲ್ಲ ದತ್ತಾತ್ರಿ ತಂದಿದ್ದ, ವಿಡಿಯೊ ತುಂಬಿಡುವ ಹೊಸ ಹಾರ್ಡ್ ಡಿಸ್ಕಿನ ಮಹಿಮೆ ಎಂದುಕೊಂಡು ಬೀದರಿಗೆ ಹೋಗಿ ಅಂಥದ್ದನ್ನೇ ತಂದ. ಕಂಪ್ಯೂಟರಿಗೆ ಹಚ್ಚಿದರೆ ಅದು ಟಿಕ್ ಟಿಕ್ ಅಂದು ಸುಮ್ಮನಾಯಿತು.

"ಅಂವಾ ನೋಡಿರ್ತಾನ. ಅವನ ಕಣ್ಣು ಛಲೋ ಇಲ್ಲ" ಎಂದು ಪಂಢರಿ ಡಿಸ್ಕಿಗೆ ನಿಂಬೆಹಣ್ಣು ನಿವಾಳಿಸಿ ರಸ್ತೆಗೆ ಒಗೆದ. ಮತ್ತೆ ಅದೇ ಟಿಕ್ ಟಿಕ್.

ಹೆಂಡತಿ ಶಾಲುಬಾಯಿ ಡಿಸ್ಕಿನ ವೈರು ಎತ್ತಿ ನೋಡಿದಳು. "ಇದಕ್ಕ ಎರಡು ಪಿನ್ ಅದಾವ್ರಿ. ನೀವು ಒಂದೇ ಹಾಕೀರಿ. ಒಂದರ ಕರೆಂಟು ಇದಕ್ಕ ಸಾಲೂದಿಲ್ಲ."

"ಇನ್ನೊಂದು ಹಾಕಲಿಕ್ಕ ಜಾಗಾ ಖಾಲಿ ಇಲ್ಲ."

ಆ ಜಾಗದಲ್ಲಿ ಕ್ಯಾಮೆರಾದ ವೈರಿತ್ತು. ಕಿಟಕಿಯಲ್ಲಿ ಕೂತ ಆ ಪುಟ್ಟ ಕ್ಯಾಮೆರಾ ದತ್ತಾತ್ರಿಯ ಬಾಗಿಲಿಗೆ ಯಾರು ಬಂದರು, ಯಾರು ಹೋದರು ಎಂಬುದನ್ನು ದಿನವಿಡೀ ಪರದೆಯ ಮೇಲೆ ತೋರಿಸುತ್ತಿತ್ತು.

"ಅದನ್ನ ತೆಗೀರಿ ಮತ್ತ."

ಪಂಢರಿ ಪರದೆ ನೋಡಿದ. ಅರಿಶಿನ ಹಚ್ಚಿದ ಲಗ್ನಪತ್ರಿಕೆ ಹಿಡಿದ ಇಬ್ಬರು ದತ್ತಾತ್ರಿಯ ಮೆಟ್ಟಿಲು ಹತ್ತುತ್ತಿದ್ದರು. ಕಣ್ಣು ಕೀಳದೆಯೇ ಅವನು ಕೈಚಾಚಿ, ಹೊಸ ಡಿಸ್ಕನ್ನು ಕಳಚಿ ಡಬ್ಬಿಗೆ ಹಾಕಿದ.