ಹಳೆಯ ತಗಡಿಗೆ ಹೊಸ ತೂತು ಬೇಡ

"ಈ ಬಂಡಿ ಮತ್ತೆ ಉಸಿರಾಡಿದ ದಿನ, ಮೊದಲ ಓಟ ನಿನ್ನದೇ ಕಣೇ," ಎಂದು ಕ್ಯಾಸಿಮಿರ್ ಮಗಳಿಗೆ ಮಾತು ಕೊಟ್ಟಾಗ ಬರ್ನಡೆಟ್‌ಗೆ ಹತ್ತು ವರ್ಷ. ಅಮೆರಿಕದ ಟೊಲೀಡೊ ಊರಿನ ಮನೆಯ ಗ್ಯಾರೇಜಿನಲ್ಲಿ ಅರವತ್ತೊಂಬತ್ತನೇ ಇಸವಿಯ ಹಸಿರು ಪಾಂಟಿಯಾಕ್ ಕಾರು ಎಂಜಿನ್ ಬಿಚ್ಚಿಸಿಕೊಂಡು ನಿಂತಿತ್ತು. ಅಪ್ಪ ಅದರಡಿ ಮಲಗಿ ನಟ್ಟು ತಿರುಗಿಸುವಾಗ ಟಾರ್ಚು ಹಿಡಿಯುವ ಕೆಲಸ ಅವಳದು. ಕೈ ಸೋತರೂ ಬೆಳಕು ಅಲುಗುತ್ತಿರಲಿಲ್ಲ. ಬೇಸರವಾದರೆ ಡಿಕ್ಕಿಯೊಳಗೆ ಹತ್ತಿ, ತಳದ ಮೂಲೆಯ ತೂತಿಗೆ ಹಾಕಿದ್ದ ರಬ್ಬರ್ ಬಿರಡೆ ಕಿತ್ತು, ಆ ಕಿಂಡಿಯಲ್ಲಿ ನೆಲದ ಇರುವೆಗಳನ್ನು ನೋಡುತ್ತಿದ್ದಳು. ಊಟದ ಹೊತ್ತಿಗೆ ಅಪ್ಪ ಸಾಸೇಜಿನ ಸ್ಯಾಂಡ್‌ವಿಚ್ಚನ್ನು ಚಾಕುವಿನಲ್ಲಿ ಎರಡಾಗಿ ಕತ್ತರಿಸಿ ದೊಡ್ಡ ತುಂಡನ್ನು ಅವಳಿಗೆ ಕೊಡುತ್ತಿದ್ದ.

ಆಮೇಲೆ ಬದುಕು ಅಡ್ಡ ಬಂತು. ಗಾಜಿನ ಕಾರ್ಖಾನೆಯಲ್ಲಿ ಅಪ್ಪನ ಪಾಳಿ, ಅಮ್ಮನ ಕಾಯಿಲೆ, ಎಲ್ಲರೂ ಬರ್ನಿ ಎಂದು ಕರೆಯುವ ಬರ್ನಡೆಟ್‌ಳ ಮದುವೆ, ಅದು ಮುರಿದದ್ದು. ಕಾರು ಹೊದಿಕೆ ಎಳೆದುಕೊಂಡು ಮಲಗಿಯೇ ಇತ್ತು. ಅದನ್ನು ಎಬ್ಬಿಸಿದವನು ತಂಗಿ ಥೆರೇಸಾಳ ಗಂಡ ಡ್ವೇನ್. ಬರ್ನಿ ಉಗ್ರಾಣದಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತ ಶನಿವಾರವೂ ದುಡಿಯುವಾಗ, ಅವನು ಶನಿವಾರ ಶನಿವಾರವೂ ಮಾವನ ಪಕ್ಕ ಮಲಗಿ ನಟ್ಟು ಬಿಗಿದ. ಫೋನು ಮಾಡಿದರೆ ಅಪ್ಪನ ಬಾಯಲ್ಲಿ ಡ್ವೇನ್ ಹೀಗೆ ಮಾಡಿದ, ಡ್ವೇನ್ ಹಾಗಂದ. ಮೊದಲ ಓಟದ ಮಾತೇ ಇಲ್ಲ. ಕೇಳಲು ಅವಳಿಗೆ ಬಿಗುಮಾನ. ಹೊಟ್ಟೆಯೊಳಗೆ ಮಾತ್ರ ಕೆಂಡ.

ಕಾರು ಕೊನೆಗೂ ಸಿದ್ಧವಾಗಿ, ಅದರ ಮೊದಲ ಓಟವೆಂದು ಗೊತ್ತುಮಾಡಿದ ರೇಸಿನ ದಿನ ಬೆಳಿಗ್ಗೆ ಸೋನೆ ಮಳೆ. ಮೈದಾನದಲ್ಲಿ ಡ್ವೇನ್ ಡಿಕ್ಕಿ ತೆರೆದು ತೋರಿಸಿದ. ಎಂಜಿನ್ ಪಕ್ಕದಲ್ಲಿದ್ದ ಬ್ಯಾಟರಿಯನ್ನು ಅಲ್ಲಿಗೆ ತಂದಿದ್ದ. ಭಾರ ಹಿಂದಕ್ಕೆ ಬಂದರೆ ಹಿಂದಿನ ಚಕ್ರ ನೆಲ ಕಚ್ಚುತ್ತದೆ. ಬ್ಯಾಟರಿಗೆ ಮುಚ್ಚಳದ ಕಪ್ಪು ಪೆಟ್ಟಿಗೆ, ಅದರ ಗಾಳಿ ಹೊರಹೋಗಲೆಂದು ಸಣ್ಣ ಪೈಪು, ಎಲ್ಲಕ್ಕೂ ಹೊಳೆಯುವ ಪಟ್ಟಿ.

"ಮದುಮಗಳಿಗೆ ಮಾಡೋ ಸಿಂಗಾರ ಬ್ಯಾಟರಿಗೆ ಮಾಡಿದೀಯಲ್ಲೋ," ಎಂದಳು ಬರ್ನಿ.

"ನಿನ್ನ ತಂಗಿನೂ ಅದೇ ಅಂತಾಳೆ. ಅವಳಿಗಿಂತ ಇದಕ್ಕೇ ಜಾಸ್ತಿ ಖರ್ಚು ಮಾಡಿದೀನಂತೆ," ಎಂದು ಅವನು ನಕ್ಕ.

ಅವಳ ಕಣ್ಣು ಪೈಪಿನ ತುದಿಗೆ ಹೋಯಿತು. ಅದು ಹೊರಗೆ ಹೋಗಿರಲಿಲ್ಲ. ಸ್ಟೆಪ್ನಿಯ ಹಿಂದೆ ಅಂದವಾಗಿ ಸುತ್ತಿಕೊಂಡು ಡಿಕ್ಕಿಯೊಳಗೇ ಬಾಯಿ ತೆರೆದಿತ್ತು. ಚಾರ್ಜಾಗುವ ಬ್ಯಾಟರಿ ಬಿಡುವ ಗಾಳಿಗೆ ಒಂದು ಕಿಡಿ ತಗುಲಿದರೂ ಸಿಡಿಯುತ್ತದೆಂದು ಅವಳಿಗೆ ಗೊತ್ತು. ಫೋರ್ಕ್‌ಲಿಫ್ಟ್‌ಗಳನ್ನು ಚಾರ್ಜಿಗಿಡುವ ಕೋಣೆಯ ಸೂರಿನಲ್ಲಿ ಅದಕ್ಕೆಂದೇ ಫ್ಯಾನು ತಿರುಗುತ್ತದೆ. ಹೇಳೋಣವೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಅಪ್ಪ ಸ್ಯಾಂಡ್‌ವಿಚ್ ಕತ್ತರಿಸಿ ದೊಡ್ಡ ತುಂಡನ್ನು ಡ್ವೇನ್‌ಗೆ ಕೊಟ್ಟ. "ನೀನು ತಿಂದ್ಕೊಂಡೇ ಬಂದಿರ್ತೀಯಲ್ಲ, ಬರ್ನಿ?"

"ಹೂಂ, ತಿಂದಿದೀನಿ," ಎಂದಳು, ಬೆಳಿಗ್ಗೆಯಿಂದ ಬರೀ ಕಾಫಿ ಕುಡಿದಿದ್ದವಳು. ತೆರೆದ ಬಾಯಿ ಮುಚ್ಚಿಕೊಂಡಿತು. ಓಟಕ್ಕೆ ಮುಂಚೆ ಪ್ರತಿ ಕಾರನ್ನೂ ತಪಾಸಣೆ ಮಾಡುವ ಮುದುಕ ಆರ್ಲೋನ ಗಂಟಲು ಮೈಕಿಗಿಂತ ದೊಡ್ಡದು. ಅವನೇ ನೋಡಲಿ. ಊರೆಲ್ಲ ಕೇಳುವ ಹಾಗೆ ಅವನೇ ಈ ಜಾಣ ಅಳಿಯನ ಮಾನ ಹರಾಜು ಹಾಕಲಿ.

ಬ್ಯಾಟರಿ ಸೋತಿತ್ತು. ಡ್ವೇನ್ ಕಂಬದ ಪ್ಲಗ್ಗಿನಿಂದ ತಂತಿ ಎಳೆದು ಚಾರ್ಜರಿನ ಕ್ಲಿಪ್ಪು ಸಿಕ್ಕಿಸಿ, ನೆನೆಯದಿರಲೆಂದು ಡಿಕ್ಕಿ ಮುಚ್ಚಿದ. ಮಳೆ ನಿಂತು, ಬಿಸಿಲು ಬಂದು, ಓಟದ ದಾರಿ ಒಣಗುವವರೆಗೂ ಅದು ಹಾಗೇ ಇತ್ತು. ಬರ್ನಿ ದೂರದಲ್ಲಿ ನಿಂತು ಆರ್ಲೋ ಯಾವಾಗ ಬರುತ್ತಾನೋ ಎಂದು ಕಾದಳು.

ಆರ್ಲೋಗಿಂತ ಮೊದಲು ಅಪ್ಪ ಹೋದ. ಡಿಕ್ಕಿ ಎತ್ತಿದೊಡನೆ ಕೊಳೆತ ಮೊಟ್ಟೆಯ ನಾತ.

"ಯಾರಪ್ಪಾ ಬೀನ್ಸ್ ತಿಂದು ಗಾಳಿ ಬಿಟ್ಟೋರು?" ಎಂದ ಡ್ವೇನ್.

ಅಪ್ಪ ನಗುತ್ತಲೇ ಬಗ್ಗಿ ಕ್ಲಿಪ್ಪಿಗೆ ಕೈ ಚಾಚಿದ.

"ಅಪ್ಪಾ, ಮುಟ್ಬೇಡ! ಕೈ ತೆಗಿ!"

ಆ ಕೂಗು ತನ್ನದೆಂದು ಅವಳಿಗೆ ಗೊತ್ತಾದದ್ದು ಕಂಬದ ಬಳಿ ಓಡಿಹೋಗಿ ಪ್ಲಗ್ ಕಿತ್ತ ಮೇಲೆ. "ಇಬ್ರೂ ದೂರ ಬನ್ನಿ. ಗಾಳಿ ಆಡ್ಲಿ. ಕರೆಂಟ್ ಇದ್ದಾಗ ಕ್ಲಿಪ್ ಕಿತ್ರೆ ಕಿಡಿ ಹಾರತ್ತೆ. ಅಪ್ಪನ ಮುಖಾನೇ ಇರ್ತಿರ್ಲಿಲ್ಲ."

"ಪೈಪ್ ಹಾಕಿದೀನಲ್ಲ!" ಡ್ವೇನ್ ಬಿಳಿಚಿಕೊಂಡಿದ್ದ.

"ಅದರ ಬಾಯಿ ಎಲ್ಲಿದೆ ನೋಡು. ಬ್ಯಾಟರಿ ಗಾಳಿನ ಡಿಕ್ಕಿಗೇ ಬಿಟ್ಟಿದೀಯ."

"ಹಳೆ ತಗಡಿಗೆ ಒಂದು ಹೊಸ ತೂತೂ ಕೂಡದು ಅಂತ ಮಾವ ನನ್ನ ಹತ್ರ ಆಣೆ ಹಾಕಿಸಿದ್ರು ಬರ್ನಿ. ನೀವೇ ಹೇಳಿ, ಮಾವ."

ಅಪ್ಪ ಹೌದೆಂದು ತಲೆಯಾಡಿಸಿದ. ನಾತ ಪೂರ್ತಿ ಹೋದ ಮೇಲೆ ಬರ್ನಿ ಡಿಕ್ಕಿಯ ಮೂಲೆಗೆ ಕೈ ಹಾಕಿದಳು. ಬೆರಳಿಗೆ ದಾರಿ ನೆನಪಿತ್ತು. ಬಿರಡೆ ಕಿತ್ತು, ಅಪ್ಪನ ಸ್ಯಾಂಡ್‌ವಿಚ್ ಚಾಕುವಿನಿಂದಲೇ ರಬ್ಬರಿನ ನಡುವೆ ಕೊರೆದು, ಪೈಪು ತೂರಿಸಿ ಮತ್ತೆ ಅದುಮಿದಳು. ಪೈಪಿನ ಬಾಯಿ ಕಾರಿನ ಹೊಟ್ಟೆಯಡಿ ಬಯಲಿಗೆ ಬಂತು. ತಗಡಿಗೆ ಗೀರೂ ಬೀಳಲಿಲ್ಲ.

ಡ್ವೇನ್ ನಿಟ್ಟುಸಿರು ಬಿಟ್ಟ. ಆಮೇಲೆ ನಿಧಾನವಾಗಿ ಕೇಳಿದ: "ಬೆಳಿಗ್ಗೆ ನಾನು ತೋರಿಸ್ದಾಗ್ಲೇ ನಿಂಗೆ ಗೊತ್ತಾಗಿತ್ತಾ?"

ಸುಳ್ಳು ಹೇಳಬಹುದಿತ್ತು.

"ಹೂಂ. ಆರ್ಲೋ ನಿನ್ನ ಎಲ್ಲರೆದುರು ಉಗೀಲಿ ಅಂತ ಸುಮ್ಮನಿದ್ದೆ."

"ನನ್ಮೇಲೆ ಅಷ್ಟೊಂದು ಸಿಟ್ಟಾ, ಬರ್ನಿ?" ಎಂದ ಡ್ವೇನ್. ಅಪ್ಪ ಚಾಕುವನ್ನು ಪ್ಯಾಂಟಿಗೆ ಒರೆಸುತ್ತಲೇ ಇದ್ದ.

ಆರ್ಲೋ ಬಂದ, ಬಗ್ಗಿ ನೋಡಿದ, ಪೈಪು ಎಳೆದು ನೋಡಿದ. "ಅಚ್ಚುಕಟ್ಟು! ಓಡ್ಸೋರು ಯಾರು?"

ಡ್ವೇನ್ ನೆಲ ನೋಡಿದ. ಅಪ್ಪ ಜೇಬಿನಿಂದ ಕೀ ತೆಗೆದ.

"ಬರ್ನಡೆಟ್." ಸಿಟ್ಟು ಬಂದಾಗ ಮಾತ್ರ ಅವನ ಬಾಯಲ್ಲಿ ಪೂರ್ತಿ ಹೆಸರು. "ನಿಂಗೇ ಅಂತ ಇಟ್ಟಿದ್ದೆ. ಇವತ್ತು ಹೇಳಿ ಖುಷೀಲಿ ಕುಣಿಸೋಣ ಅಂತ ಬಾಯಿ ಬಿಟ್ಟಿರ್ಲಿಲ್ಲ. ಇವನಿಗೂ ಗೊತ್ತಿತ್ತು, ನಿನ್ನ ಗಿಡ್ಡ ಕಾಲಿಗೆ ಸೀಟು ಮುಂದಕ್ಕೆ ತಂದೋನು ಇವನೇ." ಕೀಯನ್ನು ಅವಳ ಅಂಗೈಗೆ ಒತ್ತಿದ. "ಮಾತು ಕೊಟ್ಟಿರದಿದ್ರೆ ಇವತ್ತು ಇದನ್ನ ನಿಂಗೆ ಕೊಡ್ತಿರ್ಲಿಲ್ಲ."

ಅವಳು ಕೂತಳು. ಕಾಲು ಪೆಡಲಿಗೆ ಸರಿಯಾಗಿ ಎಟುಕಿತು. ಕನ್ನಡಿಯಲ್ಲಿ ಅಪ್ಪ ಡ್ವೇನ್‌ನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದು ಕಾಣುತ್ತಿತ್ತು. ಹೊಟ್ಟೆಯ ಕೆಂಡ ಆರಿರಲಿಲ್ಲ.

ಹಸಿರು ದೀಪ ಹೊತ್ತಿತು. ಮೊದಲ ಓಟ ಬರ್ನಡೆಟ್ ಓಡಿಸಿದಳು. ಅಪ್ಪ ಕೊಟ್ಟ ಮಾತು ನಡೆಯಿತು.